ತಲೆ ಎಣಿಕೆ ಮತ್ತು ನಾಗರಿಕರ ಸಾಕ್ಷ್ಯ: ಕರಾಚಿ ಕಲಿಸಿದ ಪಾಠ

(ಜನಗಣತಿಯ ಕುರಿತು ಏರ್ಪಡಿಸಿದ್ದ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



"ಜನಗಣತಿಯ ಲೆಕ್ಕವನ್ನು ನಂಬಬಹುದೇ?" ಎಂಬ ಪ್ರಶ್ನೆಗೆ ಉತ್ತರಿಸಬೇಕೆಂದು ಸಂಘಟಕರು ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ಸರಕಾರದ ಲೆಕ್ಕವನ್ನು ಪರೀಕ್ಷಿಸುವ ಮೊದಲು ನನ್ನ ಲೆಕ್ಕವನ್ನು ನಿಮ್ಮ ಮುಂದೆ ಒಪ್ಪಿಸುವುದು ನ್ಯಾಯವೆಂದು ಭಾವಿಸುತ್ತೇನೆ.

2001ರ ಫೆಬ್ರವರಿಯಲ್ಲಿ ನಾನು ಹದಿಮೂರು ವರ್ಷದ ಹುಡುಗ. ಮದ್ರಸದ ವಸತಿಗೃಹದಲ್ಲಿ ಓದುತ್ತಿದ್ದೆ. ಗಣತಿದಾರರು ಅಲ್ಲಿಗೆ ಬಂದಾಗ ಉಸ್ತಾದರು ನಮ್ಮನ್ನೆಲ್ಲ ಸಾಲಾಗಿ ಕುಳ್ಳಿರಿಸಿ ಒಬ್ಬೊಬ್ಬರ ಹೆಸರನ್ನೂ ಬರೆಸಿದರು. ರಜೆಯಲ್ಲಿ ಮನೆಗೆ ಹೋದಾಗ ಉಮ್ಮ ಬಹಳ ತೃಪ್ತಿಯಿಂದ, "ಟೀಚರ್ ಬಂದಿದ್ದರು ಮಗಾ, ನಿನ್ನ ಹೆಸರನ್ನೂ ಬರೆಸಿದ್ದೇನೆ, ಬಿಟ್ಟುಹೋಗಬಾರದಲ್ಲ" ಎಂದರು. ಹೀಗೆ ಆ ವರ್ಷ ಭಾರತದಲ್ಲಿ ನಾನು ಇಬ್ಬರಾಗಿದ್ದೆ. 2011ರಲ್ಲಿ ನಾನು ಬೆಂಗಳೂರಿನ ಒಂದು ಬಾಡಿಗೆ ಕೋಣೆಯಲ್ಲಿ ಮೂವರು ಗೆಳೆಯರೊಂದಿಗಿದ್ದೆ. ಬೆಳಿಗ್ಗೆ ಬೀಗ ಹಾಕಿ ಹೊರಟರೆ ರಾತ್ರಿ ಮರಳುವ ಬದುಕು. ನಮ್ಮನ್ನು ಯಾರೂ ಎಣಿಸಲಿಲ್ಲ, ನಾವೂ ವಿಚಾರಿಸಲಿಲ್ಲ. ಊರಿನಲ್ಲಿ ತಂದೆ ಪ್ರಾಮಾಣಿಕವಾಗಿ, "ಅವನು ಇಲ್ಲಿಲ್ಲ, ಬೆಂಗಳೂರಿನಲ್ಲಿದ್ದಾನೆ" ಎಂದು ಹೇಳಿದ್ದರು. ಆ ವರ್ಷ ನಾನು ಸೊನ್ನೆಯಾದೆ.

ಇದರಲ್ಲಿ ಯಾರ ಸಂಚೂ ಇರಲಿಲ್ಲ. ಉಸ್ತಾದರು, ಉಮ್ಮ, ತಂದೆ ಮೂವರೂ ಸದುದ್ದೇಶದಿಂದಲೇ ವರ್ತಿಸಿದರು. ಆದರೂ ಒಮ್ಮೆ ಲೆಕ್ಕ ಹೆಚ್ಚಾಯಿತು, ಇನ್ನೊಮ್ಮೆ ಕಡಿಮೆಯಾಯಿತು. ಇಂತಹ ತಪ್ಪುಗಳು ಒಂದು ಮಹಾನಗರದಲ್ಲಿ ಲಕ್ಷಗಟ್ಟಲೆ ಸೇರಿಕೊಂಡರೆ, ಅದರ ಮೇಲೆ ರಾಜಕೀಯದ ಸಂಶಯವೂ ಕವಿದುಕೊಂಡರೆ ಏನಾಗುತ್ತದೆ? ನಮ್ಮ ಕಾಲದಲ್ಲಿ ಅದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಕರಾಚಿ. ನೆರೆಯ ದೇಶದ ಆ ನಗರದ ನಿವಾಸಿಗಳು ಹಲವು ವರ್ಷಗಳ ಕಾಲ "ನಾವು ಎಷ್ಟು ಮಂದಿ?" ಎಂಬ ಒಂದೇ ಪ್ರಶ್ನೆಯ ಮೇಲೆ ಜಗಳವಾಡಿದರು. ಆ ಜಗಳದಲ್ಲಿ ನಮಗೂ ಪಾಠವಿದೆ.

1941ರಲ್ಲಿ ಸುಮಾರು ನಾಲ್ಕು ಲಕ್ಷ ಜನರಿದ್ದ ಬಂದರು ಪಟ್ಟಣ ಅದು. ದೇಶ ವಿಭಜನೆಯ ಬಳಿಕ, 1951ರ ವೇಳೆಗೆ ಹತ್ತು ಲಕ್ಷ ದಾಟಿತು. ಭಾರತದಿಂದ ಹೋದ ಉರ್ದು ಭಾಷಿಕರು, ಮೊದಲಿನಿಂದಲೂ ಇದ್ದ ಸಿಂಧಿ ಮತ್ತು ಬಲೂಚ್ ಜನರು, ದುಡಿಮೆಗಾಗಿ ಉತ್ತರದಿಂದ ಇಳಿದು ಬಂದ ಪಠಾಣರು, ಪಂಜಾಬಿಗಳು, ಬಂಗಾಳಿಗಳು, ಅಫ್ಘಾನ್ ನಿರಾಶ್ರಿತರು - ಎಲ್ಲರೂ ಆ ನಗರದಲ್ಲಿ ನೆಲೆಸಿದರು. ಅಲ್ಲಿ 1998ರ ಗಣತಿಯ ನಂತರ ಹತ್ತೊಂಬತ್ತು ವರ್ಷ ಜನಗಣತಿಯೇ ನಡೆಯಲಿಲ್ಲ. ಕೊನೆಗೆ 2017ರಲ್ಲಿ ಸೈನಿಕರ ಕಾವಲಿನಲ್ಲಿ ಗಣತಿ ನಡೆಯಿತು. ಆಗಸ್ಟ್ ತಿಂಗಳಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕರಾಚಿ ವಿಭಾಗದ ಜನಸಂಖ್ಯೆ 1 ಕೋಟಿ 60 ಲಕ್ಷ. 1998ರಲ್ಲಿ ಅದು 98 ಲಕ್ಷದಷ್ಟಿತ್ತು.

ನಗರ ಸಿಡಿದೆದ್ದಿತು. ಒಬ್ಬರ ಮುಖ ಒಬ್ಬರು ನೋಡದಿದ್ದ ಪಕ್ಷಗಳೂ ಈ ಒಂದು ವಿಷಯದಲ್ಲಿ ಒಂದೇ ಮಾತನ್ನಾಡಿದವು. ಉರ್ದು ಭಾಷಿಕರ ಎಂಕ್ಯೂಎಂ, ಜಮಾಅತೆ ಇಸ್ಲಾಮಿ, ಸಿಂಧ್ ಪ್ರಾಂತವನ್ನು ಆಳುತ್ತಿದ್ದ ಪೀಪಲ್ಸ್ ಪಾರ್ಟಿ - ಎಲ್ಲರೂ ಲೆಕ್ಕ ತಪ್ಪೆಂದರು. ಕರಾಚಿಯಲ್ಲಿ ಮೂರು ಕೋಟಿ ಜನರಿದ್ದಾರೆ ಎಂಬ ಮಾತು ಮನೆಮಾತಾಯಿತು. ಲಾಹೋರ್ ಹತ್ತೊಂಬತ್ತು ವರ್ಷಗಳಲ್ಲಿ ಇಮ್ಮಡಿಗೂ ಮೀರಿ 1 ಕೋಟಿ 11 ಲಕ್ಷವಾಗಿದೆಯಂತೆ, ದೇಶಕ್ಕೆಲ್ಲ ಉದ್ಯೋಗ ಕೊಡುವ ಕರಾಚಿ ಮಾತ್ರ ಶೇಕಡಾ ಅರುವತ್ತರಷ್ಟು ಬೆಳೆದಿದೆಯಂತೆ, ಇದನ್ನು ನಂಬುವವರು ಯಾರು ಎಂದು ಜನ ಕೇಳಿದರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಆಕ್ರೋಶವು ನಿಜವಾಗಿತ್ತು, ಆದರೆ ಅದರ ಎಲ್ಲ ವಾದಗಳೂ ಸಮಾನ ತೂಕದವಾಗಿರಲಿಲ್ಲ. ಲಾಹೋರಿನ ಹೋಲಿಕೆಯನ್ನೇ ನೋಡಿ. 1998ರಲ್ಲಿ ಲಾಹೋರ್ ಜಿಲ್ಲೆಯ ಒಂದು ಭಾಗ ಗ್ರಾಮೀಣವೆಂದು ಗುರುತಿಸಲ್ಪಟ್ಟಿತ್ತು. 2017ರ ವೇಳೆಗೆ ಇಡೀ ಜಿಲ್ಲೆಯನ್ನೇ ನಗರವೆಂದು ಘೋಷಿಸಲಾಗಿತ್ತು. ಕರಾಚಿಯಲ್ಲಾದರೋ ಅಂಚಿನ ಪ್ರದೇಶಗಳು ಗ್ರಾಮೀಣವಾಗಿಯೇ ಉಳಿದಿದ್ದವು. ಹಾಗಾಗಿ ಲಾಹೋರಿನ ಬೆಳವಣಿಗೆಯಲ್ಲಿ ಒಂದು ಪಾಲು ಜನರದ್ದು, ಒಂದು ಪಾಲು ಗಡಿಯದ್ದು. ಇದು ನಮಗೂ ಅಪರಿಚಿತವಲ್ಲ. 2001ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ 43 ಲಕ್ಷ. 2011ರಲ್ಲಿ ಬೃಹತ್ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ. ನಗರಕ್ಕೆ ಅಷ್ಟೂ ಜನ ಹೊಸದಾಗಿ ಬಂದು ಇಳಿದರೇ? ಇಲ್ಲ. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳು ಪಾಲಿಕೆಗೆ ಸೇರಿದವು. ಊರಿನ ಲೆಕ್ಕವನ್ನು ಕುರಿತು ವಾದಿಸುವವರು ಮೊದಲು ಊರಿನ ಗಡಿ ಎಲ್ಲಿದೆಯೆಂದು ತಿಳಿದಿರಬೇಕು.

ಹಾಗೆಂದು ಕರಾಚಿಯ ದೂರು ಸುಳ್ಳೇ? ಅಲ್ಲ. ಅಲ್ಲಿನ ಕೆಲವು ಪ್ರಶ್ನೆಗಳು ಬಹಳ ಗಂಭೀರವಾಗಿದ್ದವು. ಹಲವು ವರ್ಷಗಳಿಂದ ಕರಾಚಿಯಲ್ಲೇ ದುಡಿಯುತ್ತಿರುವವನ ಗುರುತು ಚೀಟಿಯಲ್ಲಿ ಖಾಯಂ ವಿಳಾಸ ಪೆಶಾವರದ ಕಡೆಯ ಹಳ್ಳಿಯದ್ದಾಗಿದ್ದರೆ ಅವನನ್ನು ಎಲ್ಲಿ ಎಣಿಸಬೇಕು? ನೀರು ಕುಡಿಯುವುದು, ಬಸ್ಸು ಹತ್ತುವುದು, ಆಸ್ಪತ್ರೆಗೆ ಹೋಗುವುದು ಕರಾಚಿಯಲ್ಲಿ. ಅವನ ಲೆಕ್ಕ ಮಾತ್ರ ಊರಿನಲ್ಲಿ ಎಂಬುದು ನಗರವಾಸಿಗಳ ಆರೋಪವಾಗಿತ್ತು. ಬಹುಮಹಡಿ ಕಟ್ಟಡಗಳಲ್ಲಿ ಬೀಗ ಹಾಕಿದ ಮನೆಗಳ ಬಾಗಿಲನ್ನು ಎಷ್ಟು ಸಲ ತಟ್ಟಲಾಯಿತು? ದಾಖಲೆ ಪತ್ರಗಳೇ ಇಲ್ಲದ ಬಂಗಾಳಿ, ಬರ್ಮಿ, ಅಫ್ಘಾನ್ ಕುಟುಂಬಗಳು ಸಮವಸ್ತ್ರದ ಸೈನಿಕನೊಂದಿಗೆ ಬಂದ ಗಣತಿದಾರನಿಗೆ ಮನೆಯ ಎಲ್ಲರ ಹೆಸರನ್ನೂ ಹೇಳಿಯಾರೇ? ಭಯವಿರುವಲ್ಲಿ ಬಾಗಿಲು ಅರ್ಧವೇ ತೆರೆಯುತ್ತದೆ, ಲೆಕ್ಕವೂ ಅರ್ಧವೇ ದೊರೆಯುತ್ತದೆ.

ಈ ಜಗಳಕ್ಕೆ ಮದ್ದಿರಲಿಲ್ಲವೆಂದಲ್ಲ. ಕೆಲವು ಗಣತಿ ಬ್ಲಾಕುಗಳನ್ನು ಚೀಟಿ ಎತ್ತಿದಂತೆ ಆರಿಸಿ, ಅಲ್ಲಿ ಮತ್ತೊಮ್ಮೆ ಮನೆಮನೆಗೆ ಹೋಗಿ ಎಣಿಸಿ, ಮೊದಲಿನ ಲೆಕ್ಕದೊಂದಿಗೆ ತಾಳೆ ನೋಡಿದರೆ ಸತ್ಯ ತಿಳಿಯುತ್ತದೆ. 2017ರ ಕೊನೆಯಲ್ಲಿ ಶೇಕಡಾ ಐದರಷ್ಟು ಬ್ಲಾಕುಗಳಲ್ಲಿ ಹೀಗೆ ಮರುಪರಿಶೀಲನೆ ನಡೆಸಲು ಅಲ್ಲಿನ ಪಕ್ಷಗಳು ಒಪ್ಪಿದ್ದವು. ಆದರೆ ಒಪ್ಪಂದ ಕಾಗದದಲ್ಲೇ ಉಳಿಯಿತು. ಪರಿಶೀಲನೆ ನಡೆಯದೆಯೇ 2021ರ ಏಪ್ರಿಲ್‌ನಲ್ಲಿ ಸಿಂಧ್ ಪ್ರಾಂತದ ವಿರೋಧದ ನಡುವೆ ಆ ಗಣತಿಗೆ ಅಂತಿಮ ಮುದ್ರೆ ಬಿತ್ತು. ಪರೀಕ್ಷೆಗೆ ಹೆದರುವ ಲೆಕ್ಕವನ್ನು ಜನ ನಂಬುವುದಿಲ್ಲ. ಲೆಕ್ಕ ಒಂದು ವೇಳೆ ಸರಿಯಾಗಿಯೇ ಇದ್ದರೂ ನಂಬುವುದಿಲ್ಲ.

ಆಗ ಹೊಸ ಗಣತಿಯನ್ನು ಬೇಗ ನಡೆಸುವುದೆಂದು ತೀರ್ಮಾನವಾಯಿತು. 2023ರ ಮಾರ್ಚ್‌ನಲ್ಲಿ ಕಾಗದದ ಬದಲು ಟ್ಯಾಬ್ಲೆಟ್ ಹಿಡಿದ ಗಣತಿದಾರರು ಹೊರಟರು. ಆರಂಭದ ವಾರಗಳ ಅಂಕಿಗಳು 2017ರ ಸಂಖ್ಯೆಯನ್ನೂ ಮುಟ್ಟದಿರುವುದನ್ನು ಕಂಡು ಕರಾಚಿಯಲ್ಲಿ ಮತ್ತೆ ಕೋಲಾಹಲವೆದ್ದಿತು. ಗಡುವನ್ನು ಒಂದಲ್ಲ, ಹಲವು ಬಾರಿ ವಿಸ್ತರಿಸಲಾಯಿತು. ಬಿಟ್ಟುಹೋದ ಕಟ್ಟಡಗಳಿಗೆ ಮತ್ತೆ ಹೋಗಲಾಯಿತು. ಆಗಸ್ಟ್ 5ರಂದು ಅಂಗೀಕಾರಗೊಂಡ ಲೆಕ್ಕದಲ್ಲಿ ಕರಾಚಿ ವಿಭಾಗದ ಸಂಖ್ಯೆ 2 ಕೋಟಿ 3 ಲಕ್ಷಕ್ಕೂ ಹೆಚ್ಚು.

ಈಗ ನೀವೇ ವಿಚಾರ ಮಾಡಿ. ಆರು ವರ್ಷಗಳಲ್ಲಿ ನಲವತ್ತಮೂರು ಲಕ್ಷ ಜನ ಹೆಚ್ಚಿದರೆಂದರೆ ವರ್ಷಕ್ಕೆ ಶೇಕಡಾ ನಾಲ್ಕರಷ್ಟು ಬೆಳವಣಿಗೆ. ಅದಕ್ಕೆ ಹಿಂದಿನ ಹತ್ತೊಂಬತ್ತು ವರ್ಷಗಳ ಲೆಕ್ಕದಲ್ಲಿ ಅದು ವರ್ಷಕ್ಕೆ ಎರಡೂವರೆಯಷ್ಟೇ ಇತ್ತು. ನಗರ ಒಮ್ಮೆಲೇ ಇಷ್ಟು ವೇಗ ಪಡೆಯಿತೆಂದು ನಂಬುವುದು ಕಷ್ಟ. ಮೊದಲ ಲೆಕ್ಕ ಕಡಿಮೆಯಾಗಿತ್ತು, ಇಲ್ಲವೇ ಎರಡನೆಯದು ಹೆಚ್ಚಾಯಿತು, ಅಥವಾ ಎರಡರಲ್ಲೂ ಅಷ್ಟಿಷ್ಟು ದೋಷವಿತ್ತು. ನಗರವಾಸಿಗಳ ಆಕ್ಷೇಪಕ್ಕೆ ಆಧಾರವಿತ್ತು ಎಂಬುದನ್ನು ಸರಕಾರದ ಅಂಕಿಗಳೇ ಒಪ್ಪಿಕೊಂಡಂತಾಯಿತು. ಅದೇ ವೇಳೆಗೆ, ಮೂರು ಕೋಟಿ ಎಂದು ಆಣೆ ಹಾಕಿದವರಿಗೂ ಆ ಲೆಕ್ಕದಲ್ಲಿ ಸಮರ್ಥನೆ ದೊರೆಯಲಿಲ್ಲ.

ಆ ಗಣತಿಯಲ್ಲೇ ನಡೆದ ಮತ್ತೊಂದು ಘಟನೆಯನ್ನು ಹೇಳದೆ ಮುಂದೆ ಹೋಗಲಾರೆ. 2023ರ ಮೇ ತಿಂಗಳಲ್ಲಿ ದೇಶದ ಒಟ್ಟು ಲೆಕ್ಕ 24 ಕೋಟಿ 90 ಲಕ್ಷ ದಾಟಿತ್ತು. ಆಗಸ್ಟ್‌ನಲ್ಲಿ ಅಂತಿಮವಾಗಿ ಒಪ್ಪಿಕೊಂಡದ್ದು 24 ಕೋಟಿ 15 ಲಕ್ಷ. ನಡುವಿನ ಜನರು ಎಲ್ಲಿ ಹೋದರು? ಮುಖ್ಯವಾಗಿ ಬಲೂಚಿಸ್ತಾನದ ಅಂಕಿಯಿಂದ ಸುಮಾರು 70 ಲಕ್ಷವನ್ನು ಇಳಿಸಲಾಯಿತು. ಒಂದು ಕಡೆ ಇರುವವರನ್ನು ಬಿಟ್ಟ ದೂರು, ಇನ್ನೊಂದು ಕಡೆ ಇಲ್ಲದವರನ್ನು ಬರೆಸಿದ ದೂರು.

ಜನ ಹೀಗೇಕೆ ಮಾಡುತ್ತಾರೆ? ಏಕೆಂದರೆ ಅಲ್ಲಿ ತಲೆಯೇ ನಾಣ್ಯ. ಪಾಕಿಸ್ತಾನದಲ್ಲಿ 2010ರ ಹಣಕಾಸು ಹಂಚಿಕೆಯ ಸೂತ್ರದಲ್ಲಿ ಪ್ರಾಂತಗಳ ಪಾಲನ್ನು ನಿರ್ಧರಿಸುವಾಗ ಜನಸಂಖ್ಯೆಗೆ ಕೊಟ್ಟ ತೂಕ ಶೇಕಡಾ 82. ಸಂಸತ್ತಿನ ಸ್ಥಾನಗಳೂ ಜನಸಂಖ್ಯೆಯನ್ನೇ ಅವಲಂಬಿಸಿವೆ. ಅದರ ಕೆಳಗೆ ಇನ್ನೂ ಆಳದ ಭಯವೊಂದಿದೆ. ಕರಾಚಿಯ ಅಂಕಿ ಏರಿದರೆ ತಮ್ಮದೇ ನೆಲದಲ್ಲಿ ತಾವು ಅಲ್ಪಸಂಖ್ಯಾತರಾಗುವೆವೆಂಬ ಆತಂಕ ಸಿಂಧಿಗಳಿಗೆ. ಅಂಕಿ ಇಳಿದರೆ ತಾವು ಕಟ್ಟಿದ ನಗರದಲ್ಲಿ ತಮಗೆ ಧ್ವನಿಯೇ ಇರದೆಂಬ ಆತಂಕ ಉರ್ದು ಭಾಷಿಕರಿಗೆ. ಎಲ್ಲರೂ ಒಂದೇ ದಿಕ್ಕಿಗೆ ಮುಖಮಾಡಿ ನಮಾಝ್ ಮಾಡುವವರು. ಆದರೂ ಎಣಿಕೆಯ ಪ್ರಶ್ನೆ ಬಂದಾಗ ಪರಸ್ಪರರ ಮಕ್ಕಳನ್ನು ಸಂಶಯದಿಂದ ನೋಡಿದರು. ಸಂಖ್ಯೆಯ ಜಗಳಕ್ಕೆ ಧರ್ಮಭೇದವೇ ಬೇಕೆಂದೇನಿಲ್ಲ ಎಂಬುದನ್ನು ನಾವು ತಿಳಿಯಬೇಕು.

ಇಷ್ಟೆಲ್ಲ ಹೋರಾಟದ ಫಲವೇನು? ರಾಷ್ಟ್ರೀಯ ಸಂಸತ್ತಿನಲ್ಲಿ ಕರಾಚಿಯ ಸ್ಥಾನಗಳು 21ರಿಂದ 22ಕ್ಕೆ, ಪ್ರಾಂತೀಯ ಶಾಸನಸಭೆಯಲ್ಲಿ 44ರಿಂದ 47ಕ್ಕೆ ಏರಿದವು. ನೀರಿನ ಟ್ಯಾಂಕರಿಗಾಗಿ ಕಾಯುವ ಗಲ್ಲಿಗಳು ಮೊದಲಿನಂತೆಯೇ ಇವೆ. ಸರಿಯಾದ ಲೆಕ್ಕವು ಹಕ್ಕಿನ ಆರಂಭವೇ ಹೊರತು ಹಕ್ಕೇ ಅಲ್ಲ.

ಸಹೋದರರೇ, ಇದು ನೆರೆಮನೆಯ ಕಥೆಯಾಯಿತು. ಈಗ ನಮ್ಮ ಮನೆಗೆ ಬರೋಣ. ಭಾರತದ ಜನಗಣತಿ ಇಲಾಖೆಯು ಗಣತಿ ಮುಗಿದ ಬಳಿಕ ಆಯ್ದ ಬ್ಲಾಕುಗಳಲ್ಲಿ ಮರುಎಣಿಕೆಯ ಸಮೀಕ್ಷೆ ನಡೆಸುತ್ತದೆ, ತನ್ನ ತಪ್ಪನ್ನು ತಾನೇ ಪ್ರಕಟಿಸುತ್ತದೆ. ಇದು ಮೆಚ್ಚತಕ್ಕ ಪದ್ಧತಿ. ಅದರ ಪ್ರಕಾರ 2001ರಲ್ಲಿಯೂ 2011ರಲ್ಲಿಯೂ ಸಾವಿರಕ್ಕೆ ಸುಮಾರು 23 ಮಂದಿ ಲೆಕ್ಕದಿಂದ ಬಿಟ್ಟುಹೋಗಿದ್ದರು. ಸಣ್ಣ ಸಂಖ್ಯೆಯೆಂದು ತೋರಬಹುದು. 121 ಕೋಟಿಯ ದೇಶದಲ್ಲಿ ಅದು ಎರಡೂಮುಕ್ಕಾಲು ಕೋಟಿಗೂ ಹೆಚ್ಚು ಜನ. ಹಳ್ಳಿಗಳಿಗಿಂತ ನಗರಗಳಲ್ಲಿ ಬಿಟ್ಟುಹೋದವರು ಹೆಚ್ಚು. ಬಾಡಿಗೆ ಕೋಣೆಯ ಯುವಕ, ಅಂಗಡಿಯ ಹಿಂಬದಿಯಲ್ಲಿ ಮಲಗುವ ಕೆಲಸಗಾರ, ಕಟ್ಟಡ ಕಾರ್ಮಿಕನ ತಗಡಿನ ಮನೆ - ಇವರೇ ಅಲ್ಲವೇ ಮೊದಲು ಬಿಟ್ಟುಹೋಗುವವರು?

ಅದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲಿದೆ. ನಾಗಾಲ್ಯಾಂಡ್‌ನ ಜನಸಂಖ್ಯೆ 1991ರಿಂದ 2001ರ ನಡುವೆ ಶೇಕಡಾ 64ರಷ್ಟು ಏರಿತು. 2011ರಲ್ಲಿ ನೋಡಿದರೆ 19 ಲಕ್ಷ 90 ಸಾವಿರದಿಂದ 19 ಲಕ್ಷ 78 ಸಾವಿರಕ್ಕೆ ಇಳಿದಿತ್ತು. ಅಲ್ಲಿ ಯುದ್ಧವಾಗಲಿಲ್ಲ, ಬರವೂ ಬರಲಿಲ್ಲ. ಹಿಂದಿನ ಗಣತಿಯಲ್ಲಿ ಸ್ಥಾನ ಮತ್ತು ಅನುದಾನಗಳ ಆಸೆಗೆ ಹಿಗ್ಗಿದ್ದ ಲೆಕ್ಕ ಈಗ ಕುಗ್ಗಿತ್ತು, ಅಷ್ಟೆ. ಕರ್ನಾಟಕದಲ್ಲಿಯೂ 2015ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಬಗ್ಗೆ "ನಮ್ಮ ಮನೆಗೆ ಯಾರೂ ಬರಲೇ ಇಲ್ಲ" ಎಂಬ ಮಾತನ್ನು ಹಲವು ಸಮುದಾಯಗಳ ಬಾಯಿಂದ ಕೇಳಿದ್ದೇವೆ. ಹತ್ತು ವರ್ಷ ಕಳೆದು, 2025ರಲ್ಲಿ ಹೊಸ ಸಮೀಕ್ಷೆ ನಡೆಸಬೇಕಾಯಿತು.

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ನಡೆಯಲಿಲ್ಲ. ಅದರ ಬೆಲೆಯನ್ನು ತೆತ್ತವರು ಬಡವರು. 2013ರ ಆಹಾರ ಭದ್ರತಾ ಕಾಯಿದೆಯಲ್ಲಿ ನಗರಗಳ ಅರ್ಧದಷ್ಟು ಜನರಿಗೆ ಪಡಿತರ ಕೊಡಬೇಕೆಂದಿದೆ. ಆದರೆ ಯಾವ ಜನಸಂಖ್ಯೆಯ ಅರ್ಧ? 2011ರದ್ದು. ಅನಂತರ ಹುಟ್ಟಿದ ಮಗುವಿನ ಹಸಿವು ಆ ಮಿತಿಯ ಲೆಕ್ಕದಲ್ಲಿರಲಿಲ್ಲ. ಹೊಸ ಗಣತಿಗೆ 2025ರ ಜೂನ್ 16ರಂದು ಅಧಿಸೂಚನೆ ಹೊರಟಿತು. ಹಿಮಪ್ರದೇಶಗಳನ್ನು ಬಿಟ್ಟು ದೇಶದ ಉಳಿದೆಡೆಗೆ 2027ರ ಮಾರ್ಚ್ 1 ಆಧಾರ ದಿನ. ಜಾತಿಯ ವಿವರವೂ ಇದರಲ್ಲಿ ಸೇರುತ್ತದೆ, ಕುಟುಂಬಗಳು ತಮ್ಮ ವಿವರವನ್ನು ತಾವೇ ತುಂಬುವ ಅವಕಾಶವೂ ಇದೆ.

ಈ ಸಂದರ್ಭದಲ್ಲಿ ನಮ್ಮವರ ನಡುವೆ ಎರಡು ಬಗೆಯ ಪಿಸುಮಾತುಗಳನ್ನು ಕೇಳುತ್ತೇನೆ. ಒಂದು: "ಎಲ್ಲರ ಹೆಸರನ್ನೂ ಹೇಳಬೇಡಿ, ನಾಳೆ ಏನಾಗುತ್ತದೋ." ಇನ್ನೊಂದು: "ಗಲ್ಫಿನಲ್ಲಿರುವವರನ್ನೂ ಸೇರಿಸಿ ಹೇಳಿ, ನಮ್ಮ ವಾರ್ಡಿನ ಸಂಖ್ಯೆ ಹೆಚ್ಚಲಿ." ಎರಡನ್ನೂ ನಾವು ತಿರಸ್ಕರಿಸಬೇಕು.

ಮೊದಲ ಮಾತಿನ ಹಿಂದಿರುವ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2019 ಮತ್ತು 2020ರ ದಿನಗಳನ್ನು ಯಾರೂ ಮರೆತಿಲ್ಲ. ಆದರೆ ಕಾನೂನನ್ನು ತಿಳಿದುಕೊಳ್ಳುವುದು ಭಯಕ್ಕಿಂತ ಉಪಯುಕ್ತ. ಜನಗಣತಿ ನಡೆಯುವುದು 1948ರ ಜನಗಣತಿ ಕಾಯಿದೆಯಡಿ. ಅದರ 15ನೆಯ ಕಲಮಿನ ಪ್ರಕಾರ ನೀವು ಕೊಟ್ಟ ವಿವರವನ್ನು ಹೊರಗಿನವರು ನೋಡುವಂತಿಲ್ಲ, ನಿಮ್ಮ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ತರುವಂತಿಲ್ಲ. ರಾಷ್ಟ್ರೀಯ ಜನಸಂಖ್ಯಾ ನೋಂದಣಿಯಾದರೋ ಪೌರತ್ವ ಕಾಯಿದೆಯ ನಿಯಮಗಳಿಗೆ ಸೇರಿದ್ದು. ಬಾಗಿಲಿಗೆ ಬಂದವರ ಕೈಯಲ್ಲಿರುವ ನಮೂನೆ ಯಾವುದೆಂದು ವಿನಯದಿಂದ ಕೇಳಿ, ಗುರುತಿನ ಚೀಟಿ ನೋಡಿ. ಮನೆಯ ಹೆಂಗಸರ ಹೆಸರು ಹೇಳಲು ಸಂಕೋಚವೆನ್ನುವವರಿಗೂ ಆ ಕಾಯಿದೆಯಲ್ಲಿ ವಿನಾಯಿತಿಯಿದೆ. ಹೆಸರು ಹೇಳದಿರಬಹುದು, ಆದರೆ ಎಣಿಕೆಯಿಂದ ಅವರನ್ನು ಬಿಡುವ ಹಕ್ಕು ಯಾರಿಗೂ ಇಲ್ಲ.

ಎರಡನೆಯ ಮಾತು ಲೋಭದ್ದು. ಗಣತಿಯ ಅವಧಿಯುದ್ದಕ್ಕೂ ದುಬೈ ಅಥವಾ ದಮ್ಮಾಮಿನಲ್ಲಿರುವ ಮಗ ಆ ಲೆಕ್ಕಕ್ಕೆ ಇಲ್ಲಿನ ನಿವಾಸಿಯಲ್ಲ. ಅವನು ನಮ್ಮ ಹೃದಯದಲ್ಲಿರಲಿ, ಪಟ್ಟಿಯಲ್ಲಿ ಬೇಡ. ಇಲ್ಲದವನನ್ನು ಬರೆಸಿದರೆ ಇನ್ನೊಂದು ಊರಿನ ಇರುವವನ ಪಾಲನ್ನು ಕಸಿದಂತೆ. ಅದು ಸುಳ್ಳು ಸಾಕ್ಷ್ಯ.

ಇನ್ನೊಂದು ಕಾರಣಕ್ಕೂ ಸತ್ಯವೇ ನಮಗೆ ರಕ್ಷೆ. ಈ ದೇಶದಲ್ಲಿ ಮುಸ್ಲಿಮರ ಸಂಖ್ಯೆಯ ಬಗ್ಗೆ ಎಷ್ಟು ಗಾಳಿಮಾತುಗಳು ಹಬ್ಬಿವೆಯೆಂದು ನಿಮಗೆ ಗೊತ್ತು. ಅವುಗಳಿಗೆ ನಾವು ಯಾವುದರಿಂದ ಉತ್ತರಿಸುತ್ತೇವೆ? ಜನಗಣತಿಯಿಂದಲೇ. 1991ರಿಂದ 2001ರವರೆಗಿನ ದಶಕದಲ್ಲಿ ಶೇಕಡಾ 29.5 ಇದ್ದ ಮುಸ್ಲಿಮರ ಬೆಳವಣಿಗೆಯ ದರ ಮುಂದಿನ ದಶಕದಲ್ಲಿ 24.6ಕ್ಕೆ ಇಳಿದಿದೆ ಎಂಬ ಸತ್ಯವನ್ನು ನಮಗೆ ಕೊಟ್ಟದ್ದು ಆ ಲೆಕ್ಕವೇ. ನಾವೇ ಅದನ್ನು ಕೆಡಿಸಿದರೆ ನಾಳೆ ನಮ್ಮ ಪರವಾಗಿ ಮಾತನಾಡಲು ಯಾವ ಅಂಕಿಯೂ ಉಳಿಯದು.

ಹಾಗಾದರೆ ಮಾಡಬೇಕಾದುದೇನು? ಫಲಿತಾಂಶ ಬಂದ ಮೇಲೆ ಪ್ರತಿಭಟಿಸುವ ಬದಲು ಗಣತಿಯ ಮುನ್ನವೇ ಎಚ್ಚರಗೊಳ್ಳೋಣ. ಪ್ರತಿ ಮೊಹಲ್ಲಾದ ಯುವಕರು ತಮ್ಮ ಬೀದಿಯ ಬಾಡಿಗೆ ಕೋಣೆಗಳು, ಹಿತ್ತಲ ಮನೆಗಳು, ಹೊಸ ಕಟ್ಟಡಗಳು ಗಣತಿದಾರರ ಗಮನಕ್ಕೆ ಬಂದಿವೆಯೇ ಎಂದು ನೋಡಲಿ. ಅಲ್ಲಿ ವಾಸಿಸುವವನು ಬಿಹಾರದವನಾಗಲಿ, ಅಸ್ಸಾಮಿನವನಾಗಲಿ, ಯಾವ ಧರ್ಮದವನೇ ಆಗಲಿ, ಅವನೂ ನಮ್ಮ ಊರಿನವನೇ. ಹಾಸ್ಟೆಲ್ ಮತ್ತು ಮದ್ರಸಗಳ ಹೊಣೆಗಾರರು ಮಕ್ಕಳ ಪೋಷಕರಿಗೆ ಒಂದು ಮಾತು ತಿಳಿಸಲಿ: ನಿಮ್ಮ ಮಗನನ್ನು ಇಲ್ಲಿ ಎಣಿಸಲಾಗಿದೆ, ಅಲ್ಲಿ ಬರೆಸಬೇಡಿ. ನನ್ನ ಉಸ್ತಾದರಿಗೂ ಉಮ್ಮನಿಗೂ ಈ ಒಂದು ಮಾತಿನ ಸೇತುವೆ ಇದ್ದಿದ್ದರೆ ನಾನು ಇಬ್ಬರಾಗುತ್ತಿರಲಿಲ್ಲ. ಗಣತಿಯ ಬಳಿಕವೂ ಸಂಶಯವಿದ್ದರೆ ಘೋಷಣೆ ಕೂಗುವ ಮೊದಲು ನಮ್ಮ ವಾರ್ಡಿನ ಅಂಕಿಯನ್ನು ಮತದಾರರ ಪಟ್ಟಿ, ಮನೆತೆರಿಗೆಯ ದಾಖಲೆ, ಶಾಲಾ ದಾಖಲಾತಿಗಳೊಂದಿಗೆ ತಾಳೆ ನೋಡೋಣ. ಆಗ ನಮ್ಮ ದೂರಿಗೆ ತೂಕ ಬರುತ್ತದೆ.

ಸಂಘಟಕರ ಪ್ರಶ್ನೆಗೆ ಮರಳುತ್ತೇನೆ. ಜನಗಣತಿಯನ್ನು ನಂಬಬಹುದೇ? ಅದರ ಮೊದಲ ಅಂಕಿಯನ್ನು ಬರೆಸುವವರು ನಾವು, ನಮ್ಮ ಮನೆಯ ಹೊಸ್ತಿಲಿನಲ್ಲಿ ನಿಂತು. ಆ ಹೊಸ್ತಿಲಿನಲ್ಲಿ ಸತ್ಯ ಹೇಳಿದವನಿಗೆ ಮಾತ್ರ ಮುಂದೆ ಲೆಕ್ಕ ಕೇಳುವ ನೈತಿಕ ಹಕ್ಕಿದೆ. 2001ರಲ್ಲಿ ಇಬ್ಬರಾಗಿದ್ದ, 2011ರಲ್ಲಿ ಯಾರೂ ಆಗಿರದ ನಾನು ಈ ಬಾರಿ ಒಬ್ಬನಾಗಿಯೇ ಎಣಿಸಲ್ಪಡಬೇಕೆಂದು ನಿಶ್ಚಯಿಸಿದ್ದೇನೆ. ನೀವೂ ನಿಮ್ಮ ಮನೆಯ ಪ್ರತಿಯೊಬ್ಬರೂ ಒಂದೇ ಬಾರಿ, ಒಂದೇ ಕಡೆ ಎಣಿಸಲ್ಪಡುವಂತೆ ನೋಡಿಕೊಳ್ಳಿ ಎಂದು ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.